ಅರವತ್ತಮೂರು ಫೋನ್ ಕರೆಗಳ ಬಗ್ಗೆ ವಸತಿಗೃಹದ ಚಿಕ್ಕಮ್ಮನ ಹೇಳಿಕೆ

ವಸತಿಗೃಹದ ಚಿಕ್ಕಮ್ಮ ಎಂದೇ ಎಲ್ಲರೂ ಕರೆಯುವ ನಾನು, ವಯಸ್ಸು 54 ವರ್ಷ, ಉದ್ಯೋಗ: ಕಡಲ ದಂಡೆಯಲ್ಲಿ ಆರು ಕೋಣೆಗಳ ವಸತಿಗೃಹ ನಡೆಸುವುದು, ವಾಸ: ಸದರಿ ವಸತಿಗೃಹದ ಅಡುಗೆಮನೆಗೆ ತಾಗಿದ ಕೋಣೆ, ಕಡಲ ರಸ್ತೆಯ ಕೊನೆಯ ಬಸ್ ನಿಲ್ದಾಣದಿಂದ 300 ಮೀಟರ್ ದೂರ, ಇಂದು ಸಂಜೆ 5-30 ಗಂಟೆಗೆ ಪೊಲೀಸ್ ಹೊರಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಸದರಿ ವಸತಿಗೃಹವನ್ನು ನಾನೂ ನನ್ನ ಅಕ್ಕನೂ ಇಪ್ಪತ್ತೆರಡು ವರ್ಷ ನಡೆಸಿದೆವು. ಬಂದವರು ಅವಳನ್ನು ದೊಡ್ಡಮ್ಮ ಎಂದೂ ನನ್ನನ್ನು ಚಿಕ್ಕಮ್ಮ ಎಂದೂ ಕರೆದು ಅದೇ ಹೆಸರಾಯಿತು. ಅಡುಗೆ, ಹಾಸಿಗೆ, ಬಟ್ಟೆ ನನ್ನ ಪಾಲು. ಫೋನ್, ರಿಜಿಸ್ಟರ್, ಹೊರಗಿನ ಓಡಾಟ ಅವಳ ಪಾಲು. ಕಳೆದ ಆಗಸ್ಟ್ 19ರಂದು ಬೆಳಿಗ್ಗೆ 6-40ಕ್ಕೆ ಅಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಂದಿನಿಂದ ಫೋನನ್ನೂ ನಾನೇ ಎತ್ತುತ್ತಿದ್ದೇನೆ. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಈ ಹೇಳಿಕೆಯ ತಾರೀಖುಗಳನ್ನು ಅದನ್ನು ನೋಡಿಯೇ ಹೇಳುತ್ತಿದ್ದೇನೆ.

ಈ ವರ್ಷ ಜನವರಿ 18ರಂದು ಬೆಳಿಗ್ಗೆ 10-15ಕ್ಕೆ ಒಬ್ಬರು ಫೋನ್ ಮಾಡಿ, ತಾವು ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಎಂದೂ, ಏಪ್ರಿಲ್ ಕೊನೆಗೆ ನಿವೃತ್ತಿಯೆಂದೂ, ಬೇಸಿಗೆಯಲ್ಲಿ ಒಬ್ಬರೇ ಮೋಟಾರ್ ಸೈಕಲ್ಲಿನಲ್ಲಿ ಮೂರು ದಿನ ಕಡಲಂಚಿನ ಹಳ್ಳಿಗಳನ್ನು ಸುತ್ತಬೇಕೆಂದಿರುವುದಾಗಿಯೂ ಹೇಳಿ, ಮೇ ತಿಂಗಳಲ್ಲಿ ಒಂದು ಕೋಣೆ ಸಿಗುವುದೇ ಎಂದು ಕೇಳಿದರು. ಸಿಗುತ್ತದೆ, ಬನ್ನಿ ಎಂದೆ. ಅಲ್ಲಿಗೇ ಮುಗಿಯಬೇಕಿದ್ದ ಮಾತು ಮೇ 11ರ ಹೊತ್ತಿಗೆ 63 ಕರೆಗಳಾದವು. ಪೊಲೀಸರು ತೋರಿಸಿದ ಕರೆಗಳ ಪಟ್ಟಿಯಲ್ಲಿಯೂ ಅಷ್ಟೇ ಇವೆ. ಸದರಿ ಟೈಮ್‌ಕೀಪರರನ್ನು ಇಂದು ಬೆಳಿಗ್ಗೆಯವರೆಗೆ ನಾನು ಕಣ್ಣಿನಿಂದ ನೋಡಿದವಳಲ್ಲ.

ಎರಡನೇ ಕರೆಯಲ್ಲಿ, ಪೆಟ್ರೋಲ್ ಬಂಕಿನಿಂದ ವಸತಿಗೃಹಕ್ಕೆ ಎಷ್ಟು ದೂರ ಎಂದು ಕೇಳಿದರು. ಸುಮಾರು ಹತ್ತು ಕಿಲೋಮೀಟರ್ ಎಂದೆ. "ಸುಮಾರು ಅಂದ್ರೆ ಹೇಗೆ ಚಿಕ್ಕಮ್ಮ? ಒಂಬತ್ತೋ ಹನ್ನೊಂದೋ? ಸುಮಾರು ಅಂತ ಬರೆದ್ರೆ ನಮ್ಮ ಡಿಪೋದಲ್ಲಿ ಒಂದು ಬಸ್ಸೂ ಹೊರಡಲ್ಲ" ಎಂದರು. ಅವರು ನನಗಿಂತ ಆರು ವರ್ಷ ದೊಡ್ಡವರು. ಆದರೂ ಚಿಕ್ಕಮ್ಮ ಎಂದೇ ಕರೆದರು. ಮರುದಿನ ಹಾಲಿನ ವ್ಯಾನಿನವನಿಗೆ ಹೇಳಿ ಮೀಟರ್ ನೋಡಿಸಿದೆ. 10.7 ಬಂತು. ತಿಳಿಸಿದೆ. ಇದೇ ನಾನು ಮಾಡಿದ ಮೊದಲ ತಪ್ಪು. ಕೇಳಿದ್ದಕ್ಕೆಲ್ಲ ಅಳೆದು ಹೇಳುವ ಒಬ್ಬಳು ಸಿಕ್ಕಳೆಂದು ಅವರಿಗೆ ಗೊತ್ತಾಯಿತು.

ಫೆಬ್ರವರಿಯಲ್ಲಿ 17 ಕರೆಗಳು ಬಂದವು. ಮಂಚದ ಉದ್ದ ಎಷ್ಟು ಎಂದು ಕೇಳಿದರು, ಅಕ್ಕನ ಹೊಲಿಗೆಯ ಡಬ್ಬಿಯಿಂದ ಟೇಪು ತೆಗೆದು ಅಳೆದೆ, ಆರಡಿ ಮೂರಂಗುಲ. ಆ ಡಬ್ಬಿಯನ್ನು ಆಗಸ್ಟಿನಿಂದ ತೆರೆದಿರಲಿಲ್ಲ. ಗಾಡಿ ನಿಲ್ಲಿಸುವ ಜಾಗದಲ್ಲಿ ಸಂಜೆ ನಾಲ್ಕಕ್ಕೆ ನೆರಳು ಯಾವ ಕಡೆ ಬೀಳುತ್ತದೆ, ಸೀಟು ಕಾಯುತ್ತದೆಯೇ ಎಂದು ಕೇಳಿದರು. ಬಂಡೆಯ ತಿರುವಿನಲ್ಲಿ ಗಾಳಿ ಎಡದಿಂದ ಹೊಡೆಯುತ್ತದೋ ಬಲದಿಂದಲೋ ಎಂದು ಕೇಳಿದರು. ಫೆಬ್ರವರಿ 21ರಂದು ಮಧ್ಯಾಹ್ನ 3-10ರಿಂದ 3-25ರವರೆಗೆ ನಾನು ಆ ತಿರುವಿನಲ್ಲಿ ಟವೆಲ್ ಎತ್ತಿ ಹಿಡಿದು ನಿಂತಿದ್ದೆ. ಆ ಹೊತ್ತಿನ ಬಸ್ಸಿನ ಕಂಡಕ್ಟರ್ ನೋಡಿ, ನಿಲ್ಲಿಸಬೇಕೆಂದು ತಿಳಿದು ಬಸ್ ನಿಲ್ಲಿಸಿದರು. "ಹತ್ತೋಲ್ಲ, ಗಾಳಿ ನೋಡ್ತಿದೀನಿ" ಎಂದೆ. ಅವರು ಸೀಟಿ ಊದಿದರು. ಇನ್ನೊಂದು ಸಲ, ರಸ್ತೆಯಲ್ಲಿ ನಾಯಿಗಳು ಎಷ್ಟಿವೆ, ಮೋಟಾರ್ ಸೈಕಲ್ಲಿನ ಹಿಂದೆ ಓಡುತ್ತವೆಯೇ ಎಂದು ಕೇಳಿದರು. ನಾನು ಮೋಟಾರ್ ಸೈಕಲ್ ಅಲ್ಲವಾದ್ದರಿಂದ ನನಗೆ ತಿಳಿಯದು ಎಂದೆ. "ಸರಿ, ಯಾರಾದ್ರೂ ಗಾಡಿಯವರು ಹೋಗುವಾಗ ನೋಡಿಟ್ಟಿರಿ, ಅವಸರ ಇಲ್ಲ" ಎಂದರು. ಅವಸರ ಇಲ್ಲ ಎಂದವರು ಮರುದಿನ ಬೆಳಿಗ್ಗೆ 8-05ಕ್ಕೆ ಫೋನ್ ಮಾಡಿದರು.

ಕೋಣೆಯ ದಿನವನ್ನು ಮೇ 8 ಎಂದರು, 10 ಎಂದರು, 9 ಎಂದರು, 15 ಎಂದರು, ಕೊನೆಗೆ 13 ಎಂದರು. ರಿಜಿಸ್ಟರಿನ ಆ ಹಾಳೆ ಅಳಿಸಿ ಅಳಿಸಿ ತೂತಾಗಿದೆ, ಹಾಜರುಪಡಿಸಿದ್ದೇನೆ. "ಸ್ವಾಮಿ, ನೀವು ಮೂರು ದಿನ ತಿರುಗೋಕೆ ಎರಡು ತಿಂಗಳು ನನ್ನನ್ನ ತಿರುಗಿಸ್ತಿದೀರಿ" ಎಂದು ಮಾರ್ಚ್ 14ರಂದು ಜೋರಾಗಿಯೇ ಹೇಳಿದೆ. ಅವರು ನಕ್ಕು, ಮೂವತ್ತಾರು ವರ್ಷ ಬೇರೆಯವರ ಬಸ್ಸುಗಳು ಹೊರಡುವ ಹೊತ್ತನ್ನು ಬರೆದಿರುವುದಾಗಿಯೂ, ತಾವು ಹೊರಡುವುದು ಇದೇ ಮೊದಲಾದ್ದರಿಂದ ಒಂದು ನಿಮಿಷವೂ ತಪ್ಪಬಾರದೆಂದೂ ಹೇಳಿದರು.

ಏಪ್ರಿಲ್ 2ರಂದು 11-40ಕ್ಕೆ 41ನೇ ಕರೆ ಬಂತು. ಹಡಗುಗಳಿಗೆ ಬೆಳಕು ತೋರುವ ದೀಪಸ್ತಂಭದಿಂದ ನಮ್ಮ ವಸತಿಗೃಹಕ್ಕೆ ಡಾಂಬರು ರಸ್ತೆಯಲ್ಲಿ ಬಂದರೆ 17 ಕಿಲೋಮೀಟರ್ ಸುತ್ತು. ಹಿಂದೆ ದೀಪಕ್ಕೆ ಎಣ್ಣೆ ಸಾಗಿಸುತ್ತಿದ್ದ ಮಣ್ಣಿನ ದಾರಿಯೊಂದು ಬಂಡೆಗಳ ಅಂಚಿನಲ್ಲಿ ನೇರವಾಗಿ ನಮ್ಮ ಹಿತ್ತಲಿನ ಗೇಟಿಗೆ ಬರುತ್ತದೆ. ಅದು ನಕ್ಷೆಯಲ್ಲಿ ಅವರಿಗೆ ಸಿಕ್ಕಿತ್ತು. "ಇಡೀ ಪ್ರವಾಸದಲ್ಲಿ ನನಗೆ ಬೇಕಾಗಿರೋದೇ ಇದು ಚಿಕ್ಕಮ್ಮ. ಒಂದು ಕಡೆ ಬಂಡೆ, ಒಂದು ಕಡೆ ನೀರು. ಗಾಡಿ ಹೋಗುತ್ತಾ, ಒಂದ್ಸಲ ನೋಡಿ ಹೇಳಿ" ಎಂದರು. ನೋಡುತ್ತೇನೆ ಎಂದೆ.

ಅಕ್ಕ ಪ್ರತಿ ಸಂಜೆ ಆ ದಾರಿಯಲ್ಲಿ ಹೋಗಿಬರುತ್ತಿದ್ದಳು. ಭಾನುವಾರಗಳಲ್ಲಿ ದೀಪಸ್ತಂಭದವರೆಗೂ ಹೋಗುತ್ತಿದ್ದಳು. ನಾನು ಒಲೆಯ ಮುಂದೆ ಇರುತ್ತಿದ್ದೆ, ಗೇಟಿನ ಸದ್ದು ಕೇಳಿದರೆ ಚಹಾಕ್ಕೆ ನೀರಿಡುತ್ತಿದ್ದೆ. ಅವಳು ಹೋದ ಮೇಲೆ ಆ ಗೇಟನ್ನು ತೆರೆದಿರಲಿಲ್ಲ. ಏಪ್ರಿಲ್ 2ರಂದು ಸಂಜೆ 5 ಗಂಟೆಗೆ ಗೇಟಿನವರೆಗೆ ಹೋದೆ. ಚಿಲಕಕ್ಕೆ ತುಕ್ಕು ಹಿಡಿದಿತ್ತು. ವಾಪಸು ಬಂದೆ. 4ರಂದು ಹೋದೆ, ವಾಪಸು ಬಂದೆ. 7ರಂದು ಹೋಗಲಿಲ್ಲ. ಈ ನಡುವೆ ಅವರು ಮೂರು ಸಲ ಕೇಳಿದರು. ಏಪ್ರಿಲ್ 9ರಂದು ಬೆಳಿಗ್ಗೆ 9-20ಕ್ಕೆ ನಾಲ್ಕನೆಯ ಸಲ ಕೇಳಿದಾಗ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. "ಹೋಗುತ್ತೆ. ದಾರಿ ಚೆನ್ನಾಗಿದೆ. ನಾಲ್ಕೂಕಾಲು ಕಿಲೋಮೀಟರ್" ಎಂದೆ. ನಾಲ್ಕೂಕಾಲು ಎಂಬುದು ಅಕ್ಕ ಹೇಳುತ್ತಿದ್ದ ಮಾತು. ನಾನು ಆ ದಾರಿಯ ಬಗ್ಗೆ ತಪ್ಪು ತಿಳುವಳಿಕೆಯಿಂದ ಹಾಗೆ ಹೇಳಿದೆ. ಅವರು, "ನೀವು ಹೇಳಿದ ಮೇಲೆ ಮುಗೀತು. ನಿಮ್ಮ ಅಳತೆ ಇದುವರೆಗೂ ತಪ್ಪಿಲ್ಲ" ಎಂದು ಫೋನ್ ಇಟ್ಟರು.

ಕಳೆದ ಅಕ್ಟೋಬರಿನ ಮಳೆಗೆ ಆ ದಾರಿ ನಮ್ಮ ಗೇಟಿನಿಂದ 1.1 ಕಿಲೋಮೀಟರ್ ದೂರದಲ್ಲಿ ಕುಸಿದುಹೋಗಿದೆ. ಇದು ಮೀನುಗಾರರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ದೀಪಸ್ತಂಭದಲ್ಲಿ ಈಗ ಕಾವಲಿಗೆ ಯಾರೂ ಇಲ್ಲ, ದೀಪ ತಾನೇ ಉರಿಯುತ್ತದೆ. ಆದ್ದರಿಂದ ಆ ಕಡೆಯಲ್ಲಿಯೂ ತಡೆದು ಹೇಳುವವರಿರಲಿಲ್ಲ.

ಮೇ 11ರಂದು ಕೊನೆಯ ಕರೆಯಲ್ಲಿ ಅವರು ಪೂರ್ತಿ ಕಾರ್ಯಕ್ರಮವನ್ನು ಓದಿದರು. 12ರಂದು ಬೆಳಿಗ್ಗೆ 6-00ಕ್ಕೆ ಮನೆಯಿಂದ ಹೊರಡುವುದು. 13ರಂದು 3-45ಕ್ಕೆ ದೀಪಸ್ತಂಭ. 4-20ಕ್ಕೆ ಅಲ್ಲಿಂದ ಹೊರಟು, ಎರಡು ಕಡೆ ನಿಂತು, 5-00ಕ್ಕೆ ನಮ್ಮ ಹಿತ್ತಲಿನ ಗೇಟು. ಗೇಟು ತೆರೆದಿಡಬೇಕೆಂದು ಕೇಳಿಕೊಂಡರು.

13ರಂದು ನಾನು ಮೂರನೇ ಕೋಣೆಯ ಹಾಸಿಗೆ ಹಾಸಿದೆ. ಗೇಟು ತೆರೆಯಲಿಲ್ಲ, ಬಂದರೆ ಹಾರ್ನ್ ಮಾಡುತ್ತಾರೆ ಎಂದುಕೊಂಡೆ. 5-00 ಆಯಿತು, 5-30 ಆಯಿತು. 6-45ಕ್ಕೆ ಅವರ ನಂಬರಿಗೆ ಒಂದು ಸಲ ಮಾಡಿದೆ, ಸಂಪರ್ಕ ಸಿಗಲಿಲ್ಲ. ಐದನೇ ಸಲ ದಿನ ಬದಲಾಯಿಸಿರಬೇಕು, ಹೇಳಲು ಮುಖವಿಲ್ಲದೆ ಫೋನ್ ಆರಿಸಿದ್ದಾರೆ ಎಂದುಕೊಂಡೆ. ದಿನಚರಿಯಲ್ಲಿ "ಪೀಡೆ ತೊಲಗಿತು" ಎಂದು ಬರೆದು ಮಲಗಿದೆ. ಆ ಸಾಲು ಹಾಗೆಯೇ ಇದೆ, ನೋಡಬಹುದು.

ಇಂದು 14ರಂದು ಬೆಳಿಗ್ಗೆ 9-20ಕ್ಕೆ ಹೊರಠಾಣೆಯ ಕಾನ್‌ಸ್ಟೆಬಲ್ ವಸತಿಗೃಹಕ್ಕೆ ಬಂದು, ಟೈಮ್‌ಕೀಪರ್ ಕಾಣೆಯಾಗಿರುವುದಾಗಿ ಅವರ ಪತ್ನಿ ದೂರು ಕೊಟ್ಟಿದ್ದಾರೆಂದೂ, ಸಹೋದ್ಯೋಗಿಯ ಮನೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಹೊರಟಿದ್ದಾರೆಂದೂ, ಅವರ ಫೋನಿನಿಂದ ಅತಿ ಹೆಚ್ಚು ಕರೆಗಳು ನನಗೇ ಬಂದಿವೆಯೆಂದೂ ತಿಳಿಸಿದರು. "ಅಮ್ಮಾ, ನಿಮಗೂ ಅವರಿಗೂ ಏನು ಸಂಬಂಧ, ಮುಚ್ಚುಮರೆ ಇಲ್ಲದೆ ಹೇಳಿಬಿಡಿ" ಎಂದರು. "ಹೆಗಲೇರಿದ ಶನಿಗೂ ನನಗೂ ಏನು ಸಂಬಂಧವೋ ಅದೇ" ಎಂದೆ. ಹಾಗೆನ್ನುತ್ತಿದ್ದಂತೆಯೇ ನನಗೆ ಮಣ್ಣಿನ ದಾರಿಯ ನೆನಪು ಬಂತು. ಕಾನ್‌ಸ್ಟೆಬಲ್ ಇನ್ನೂ ಪಟ್ಟಿ ಮಡಚುತ್ತಿದ್ದರು. ನಾನು ಸುತ್ತಿಗೆ ತೆಗೆದುಕೊಂಡು ಹಿತ್ತಲಿಗೆ ಓಡಿದೆ.

ಚಿಲಕ ಒಡೆಯಲು ಹನ್ನೊಂದು ಪೆಟ್ಟು ಬೇಕಾಯಿತು. 9-52ಕ್ಕೆ ಗೇಟು ತೆರೆಯಿತು. ಕಾನ್‌ಸ್ಟೆಬಲ್ ಎರಡು ಸಲ ನಿಧಾನ, ಕಾಲು ಜಾರುತ್ತದೆ ಎಂದರು. 900 ಮೀಟರಿನಲ್ಲಿ ಅಕ್ಕ ಕೂರುತ್ತಿದ್ದ ಚಪ್ಪಡಿ ಕಲ್ಲು ಇದೆ. ಅಲ್ಲಿ ನಿಲ್ಲಲಿಲ್ಲ. 10-10ಕ್ಕೆ ದಾರಿ ಮುಗಿಯಿತು. ಎದುರಿಗೆ ಹನ್ನೆರಡು ಅಡಿ ಅಗಲದ ಕಂದರ, ಅದರೊಳಗೆ ತಲೆಕೆಳಗಾದ ಮೋಟಾರ್ ಸೈಕಲ್. ಆಚೆ ಅಂಚಿನಲ್ಲಿ ಒಬ್ಬರು ಹೆಲ್ಮೆಟ್ ಧರಿಸಿಯೇ ಬಂಡೆಗೆ ಒರಗಿ ಕುಳಿತಿದ್ದರು, ಬಲಗಾಲಿನ ಬೂಟು ಬಿಚ್ಚಿತ್ತು. ಅಲುಗಾಡುತ್ತಿರಲಿಲ್ಲ. ನಾನು "ಟೈಮ್‌ಕೀಪರೇ" ಎಂದು ಕೂಗಿದೆ. ಮೂರನೇ ಕೂಗಿಗೆ ಅವರು ತಲೆ ಎತ್ತಿ, "ಚಿಕ್ಕಮ್ಮನಾ? ಧ್ವನಿ ಗುರುತು ಸಿಕ್ತು. ಐದಕ್ಕೆ ಅಂದಿದ್ದೆ, ತಡ ಆಯ್ತು, ಕ್ಷಮಿಸಿ" ಎಂದರು.

ಆಗ ನಾನು ಅವರನ್ನು ಬೈದೆ. ಏನೇನು ಬೈದೆ ಎಂಬುದು ನೆನಪಿಲ್ಲ. ಕಾನ್‌ಸ್ಟೆಬಲ್ ಹೇಳುವಂತೆ, ನಿಮ್ಮ ಟೇಪು ಸುಡ, ನಿಮ್ಮ ಗಡಿಯಾರ ಸುಡ, ಒಬ್ಬರು ಹೋದದ್ದು ಸಾಲದೇ ಎಂದು ಬೈದೆನಂತೆ. "ಅಮ್ಮಾ, ಮೊದಲು ಹಗ್ಗ ತರಿಸೋಣ, ಬೈಯೋದು ಆಮೇಲೂ ಆಗುತ್ತೆ" ಎಂದು ಅವರು ನನ್ನನ್ನು ಅಂಚಿನಿಂದ ಹಿಂದಕ್ಕೆ ಕರೆದರು.

ನಾಲ್ವರು ಮೀನುಗಾರರು ಏಣಿ ಮತ್ತು ಹಗ್ಗ ತಂದು 11-35ಕ್ಕೆ ಅವರನ್ನು ಈಚೆಗೆ ತಂದರು. ಗಾಡಿ ಕಂದರಕ್ಕೆ ಜಾರಿದಾಗ ಅಂಚಿನಲ್ಲೇ ಬಿದ್ದು, ಫೋನಿಗೆ ಸಿಗ್ನಲ್ ಸಿಗದೆ, ಹಿಂದಿನ ದಿನ 4-40ರಿಂದ ಅವರು ಅಲ್ಲಿದ್ದರು. ಒಂದು ಬಾಟಲಿ ನೀರು, ಎರಡು ಪೊಟ್ಟಣ ಬಿಸ್ಕತ್ತು ಇತ್ತು. ವೈದ್ಯರು ಬಂದು ನೋಡಿ ಕಾಲಿನ ಗಂಟು ಉಳುಕಿದೆ, ಮೂಳೆ ಮುರಿದಿಲ್ಲ ಎಂದರು. ಅವರನ್ನು ಮೂರನೇ ಕೋಣೆಯಲ್ಲಿ ಮಲಗಿಸಿದೆವು.

ಮಧ್ಯಾಹ್ನ 3-45ರ ಬಸ್ಸಿಗೆ ಅವರ ಪತ್ನಿ ಬಂದರು. ಬಾಗಿಲಲ್ಲೇ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನಾನು ದಿನಚರಿಯನ್ನು ಅವರ ಕೈಗೆ ಕೊಟ್ಟೆ. ಇಪ್ಪತ್ತು ನಿಮಿಷ ನಿಂತೇ ಓದಿದರು. ಆಮೇಲೆ ಗಂಡನ ಕಡೆ ತಿರುಗಿ, "ಮೂವತ್ತೊಂದು ವರ್ಷದಲ್ಲಿ ನನ್ನ ಹತ್ರ ಅರವತ್ಮೂರು ಮಾತು ಆಡಿಲ್ಲ ಈ ಮನುಷ್ಯ. ಇಲ್ಲಿ ನೋಡಿದ್ರೆ ನಾಯಿ ಲೆಕ್ಕ, ನೆರಳಿನ ಲೆಕ್ಕ! ಹೇಳಿದ್ರೆ ನಾನು ಬೇಡ ಅಂತಿದ್ನಾ?" ಎಂದು ಕೇಳಿದರು. "ಅಂತಿದ್ದೆ" ಎಂದು ಟೈಮ್‌ಕೀಪರ್ ಹೇಳಿದರು. "ಅಂತಿದ್ದೆ, ನಿಜ" ಎಂದು ಪತ್ನಿ ಮಂಚದ ಅಂಚಿಗೆ ಕುಳಿತು ಅತ್ತರು.

ಕಣ್ಣೊರೆಸಿಕೊಂಡ ಮೇಲೆ ಅವರು ನನ್ನ ಕಡೆ ತಿರುಗಿ, "ಆ ದಾರಿ ಚೆನ್ನಾಗಿದೆ ಅಂತ ಹೇಳಿದ್ದು ನೀವೇನಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಟೈಮ್‌ಕೀಪರ್, "ಅವರದ್ದೇನೂ ಇಲ್ಲ. ನಾನು ನೋಡಿಲ್ಲ, ವಿಚಾರಿಸಿಕೊಳ್ಳಿ ಅಂತಲೇ ಹೇಳಿದ್ರು. ನಾನೇ ಜೋರಾಗಿ ಬಂದೆ" ಎಂದರು. ಪೊಲೀಸರ ಮುಂದೆಯೂ ಅವರು ಹಾಗೆಯೇ ಹೇಳಿಕೆ ಕೊಟ್ಟಿದ್ದಾರೆಂದು ತಿಳಿಯಿತು. ಆಗ ನಾನು ಸುಮ್ಮನಿದ್ದೆ. ಪತ್ನಿ ಎದ್ದು ಬಂದು ನನ್ನ ಕೈ ಹಿಡಿದು, ಹುಡುಕಿ ಕೊಟ್ಟಿರಿ, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದರು. ಆಗಲೂ ಸುಮ್ಮನಿದ್ದೆ. ಅಲ್ಲಿಂದ ನೇರವಾಗಿ ಇಲ್ಲಿಗೆ ಬಂದಿದ್ದೇನೆ.

ಸದರಿ ವಿಷಯದಲ್ಲಿ ಟೈಮ್‌ಕೀಪರ್ ಅವರ ಹೇಳಿಕೆ ಸರಿಯಲ್ಲ. ನೋಡಿಲ್ಲ ಎಂದು ನಾನು ಹೇಳಿಲ್ಲ, ಚೆನ್ನಾಗಿದೆ ಎಂದು ಹೇಳಿದ್ದೇನೆ. ಅವರು ನನ್ನನ್ನು ಉಳಿಸಲು ಹಾಗೆ ಹೇಳಿದ್ದಾರೆ. ಅವರ ಮೇಲೆ ನನ್ನ ದೂರು ಏನೂ ಇಲ್ಲ.

ಬರೆದುಕೊಂಡ ಹೆಡ್ ಕಾನ್‌ಸ್ಟೆಬಲ್ ಇದಿಷ್ಟನ್ನೂ ನನಗೆ ಓದಿ ಹೇಳಿದರು. ಏಪ್ರಿಲ್ 9ರ ಮಾತಿನ ಕೆಳಗೆ ಅವರು "ತಪ್ಪು ತಿಳುವಳಿಕೆಯಿಂದ" ಎಂದು ಬರೆದುಕೊಂಡಿದ್ದರು. ಅದು ನನ್ನ ಮಾತಲ್ಲ. ಹಾಗೇ ಇರಲಿ, ಬದಲಾಯಿಸಿದರೆ ನನಗೇ ತೊಂದರೆ ಎಂದು ಅವರು ತಿಳಿಸಿ ಹೇಳಿದರು. ಬದಲಾಯಿಸಲು ನಾನೇ ಕೇಳಿಕೊಂಡ ಮೇರೆಗೆ ಆ ಪದಗಳನ್ನು ಲೆಕ್ಕಿಸಬಾರದೆಂದೂ, ಅವುಗಳ ಬದಲು "ಹೋಗಿ ನೋಡಿಲ್ಲವೆಂದು ಗೊತ್ತಿದ್ದೂ" ಎಂದು ಓದಿಕೊಳ್ಳಬೇಕೆಂದೂ ಇಲ್ಲಿ ಬರೆಯಲಾಗಿದೆ. ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಉಳಿದದ್ದು ನಾನು ಹೇಳಿದಂತೆಯೇ ಇದ್ದು, ನನ್ನ ತಿಳಿವಿನ ಮಟ್ಟಿಗೆ ನಿಜ.

ಸ್ಥಳ: ಕಡಲ ರಸ್ತೆಯ ಹೊರಠಾಣೆ
ದಿನಾಂಕ: ಮೇ 14, ಸಂಜೆ 7-10
(ಸಹಿ)
ಚಿಕ್ಕಮ್ಮ, ವಸತಿಗೃಹ