ಮಾಖೋಜಾ ಕೊಂಡ ಎರಡು ಸೀಟು

ನಮ್ಮ ಜುಲು ಕರಾವಳಿಯ ಕಬ್ಬಿನ ಗದ್ದೆಗಳ ಮೇಲೆ ಸಂಜೆಯಿಂದ ಒಂದೇ ಸಮನೆ ಮಳೆ ಹೊಡೆಯುತ್ತಿತ್ತು. ಕರೆಂಟು ಹೋಗಿತ್ತು. ನೆರೆಹೊರೆಯವರೆಲ್ಲ ಮ್ತಿಯಾನೆ ತಾತನ ಅಡುಗೆ ಗುಡಿಸಲಲ್ಲಿ ಒಲೆಯ ಸುತ್ತ ಕೂತಿದ್ದೆವು. ತಾತನ ಸೊಸೆ ಲಿಂದೇನಿ ಆ ಮಧ್ಯಾಹ್ನವಷ್ಟೇ ಪುಟ್ಟ ಮಗಳೊಡನೆ ಕೇಪ್‌ಟೌನಿನಿಂದ ಬಂದಿಳಿದಿದ್ದಳು. ವಿಮಾನ ಇಳಿಯುವಾಗ ಜೀವ ಬಾಯಿಗೆ ಬಂತು ಎಂದು ಅವಳು ಅಂದದ್ದೇ ತಡ, ಆಯುಷ್ಯವೆಲ್ಲ ವಿಮಾನ ನಿಲ್ದಾಣದ ಅಗ್ನಿಶಾಮಕ ದಳದಲ್ಲಿ ದುಡಿದಿದ್ದ ತಾತ ಬಿಯರಿನ ಮಡಕೆ ಕೆಳಗಿಟ್ಟು ನಕ್ಕ.

"ಗಾಲಿ ಇದ್ದ ವಿಮಾನದಲ್ಲಿ ಇಳಿದೇ ಇಷ್ಟು ಬಡ್ಕೋತೀಯಲ್ಲೇ! ಗಾಲಿನೇ ಹೊರಗೆ ಬರದೆ, ಹೊಟ್ಟೆ ಮೇಲೆ ಇಳಿದದ್ದನ್ನ ನಾನು ಕಣ್ಣಾರೆ ಕಂಡಿದೀನಿ. ಅದರಲ್ಲಿ ಮಾಖೋಜಾ ಇದ್ಲು. ಹೊಳೆ ಆಚೆಯವಳು, ಗಂಡ ಸತ್ತವಳು, ಇದ್ದವನು ಒಬ್ಬನೇ ಮಗ ಫಕಮಾನಿ. ಕೇಪ್‌ಟೌನ್ ಬಂದರಿನಲ್ಲಿ ಕೂಲಿ ಮಾಡ್ತಿದ್ದವನು ಅಲ್ಲೇ ಮೇಲಿಂದ ಬಿದ್ದು ಸತ್ತ. ಹೆಣ ಊರಿಗೆ ಬಂತು, ಮಣ್ಣೂ ಆಯ್ತು... ಆದರೆ ಜೀವ? ಅದು ಬಿದ್ದ ಜಾಗದಲ್ಲೇ ನಿಂತಿರ್ತದಲ್ಲ! ದಿನಾ ಕನಸಲ್ಲಿ ಬಂದು 'ಚಳಿ ಅಮ್ಮಾ, ದಾರಿ ಗೊತ್ತಾಗ್ತಿಲ್ಲ' ಅಂತಿದ್ದನಂತೆ. ಯಾವ ತಾಯಿ ಸುಮ್ಮನಿದ್ದಾಳು? ಸತ್ತವರ ಜೀವ ಎಲಚಿಮುಳ್ಳಿನ ಕೊಂಬೆ ಹಿಂದೆ ಮನೆಗೆ ಬರ್ತದಲ್ಲ, ಅದನ್ನೇ ಹಿಡ್ಕೊಂಡು ಕೇಪ್‌ಟೌನಿಗೆ ಅವನನ್ನ ಕರೆಯೋಕೆ ಹೊರಟೇ ಬಿಟ್ಲು.

"ಅವನು ಬಿದ್ದ ನೆಲಕ್ಕೆ ಕೊಂಬೆ ಮುಟ್ಟಿಸಿ, 'ಬಾ ಫಕಮಾನಿ, ಮನೆಗೆ ಹೋಗೋಣ' ಅಂದ್ಲು. ವಾಪಸು ಬರೋ ವಿಮಾನದಲ್ಲಿ ಎರಡು ಸೀಟು ತಗೊಂಡ್ಲು, ತನಗೊಂದು, ಅವನಿಗೊಂದು. ಸತ್ತವನಾದರೇನು, ನಿಂತ್ಕೊಂಡು ಬರೋಕಾಗ್ತದಾ? ಮೆಟ್ಟಿಲು ಹತ್ತಪ್ಪಾ, ತಲೆ ಬಗ್ಗಿಸು, ಇಲ್ಲಿ ಕೂತ್ಕೋ, ನಾನು ಹೇಳೋ ತನಕ ಏಳಬೇಡ... ಹೀಗೆ ದಾರಿಯುದ್ದಕ್ಕೂ ಅವನ ಜೊತೆ ಮಾತ್ರ ಮಾತು. ಮನೆ ಮುಟ್ಟೋವರೆಗೆ ಬೇರೆಯವರ ಹತ್ರ ತುಟಿ ಬಿಚ್ಚೋ ಹಾಗಿಲ್ಲ. ಬಿಚ್ಚಿದ್ರೆ ಜೀವ ದಾರಿ ತಪ್ತದೆ.

"ಆ ವಿಮಾನದ ಗಾಲಿ ಬಿಚ್ತಿಲ್ಲ ಅಂತ ಸುದ್ದಿ ಬಂತು. ನಾವು ಕೆಳಗೆ ರನ್‌ವೇ ಮೇಲೆ, ಬೆಂಕಿ ಹತ್ತದಿರಲಿ ಅಂತ, ನೊರೆ ಹಾಸಿ ಕಾದೆವು. ವಿಮಾನ ಎಣ್ಣೆ ಖಾಲಿ ಮಾಡೋಕೆ ಸಮುದ್ರದ ಮೇಲೆ ಸುತ್ತಿ ಸುತ್ತಿ, ಕೊನೆಗೆ ಬಂತು ನೋಡ್ರಪ್ಪಾ... ಹೊಟ್ಟೆ ನೆಲಕ್ಕೆ ಉಜ್ಜಿದ ಆ ಸದ್ದು! ಕಿಡಿ, ಹೊಗೆ, ಚೀರಾಟ... ನಿಂತಿತು. ದೇವರು ದೊಡ್ಡವನು, ಬೆಂಕಿ ಹತ್ತಲಿಲ್ಲ. ಬಾಗಿಲಿಂದ ರಬ್ಬರಿನ ಜಾರುಬಂಡೆ ಬಿಚ್ಕೊಂಡು ಜನ ದಬದಬ ಜಾರಿದ್ರು. ನೂಕುನುಗ್ಗಲಲ್ಲಿ ಮಾಖೋಜಾ ಕೊಂಬೆ ಎತ್ಕೊಂಡು, ಮಗನನ್ನ ಏಳಿಸೋಕೆ ತಿರುಗೋದರೊಳಗೆ ಹಿಂದಿನವರು ಅವಳನ್ನ ಬಾಗಿಲಿಗೆ ತಳ್ಕೊಂಡು ಬಂದ್ರು. ಅಲ್ಲಿ ಗಗನಸಖಿ ಆ ಕೊಂಬೆ ಕಿತ್ತು ಒಳಗೆ ಎಸೆದ್ಲು. ಮುಳ್ಳು ಕಣ್ರೋ! ರಬ್ಬರು ತೂತಾದ್ರೆ ಮಿಕ್ಕವರ ಗತಿ ಏನು? ಆ ಹುಡುಗಿ ತಪ್ಪೇನೂ ಇಲ್ಲ. ಆದರೆ 'ಏಳಪ್ಪಾ, ಇಳಿಯೋಣ' ಅನ್ನೋ ಮಾತು ತಾಯಿ ಗಂಟಲಲ್ಲೇ ಉಳೀತು.

"ಕೆಳಗೆ ನನ್ನ ತೋಳು ಹಿಡಿದು ಜಗ್ಗಿದ್ಲು, ವಿಮಾನ ತೋರಿಸಿದ್ಲು. ಕಣ್ಣಲ್ಲಿ ಧಾರಾಕಾರ ನೀರು, ಬಾಯಲ್ಲಿ ಒಂದು ಮಾತಿಲ್ಲ! ಒಳಗೆ ಯಾರೋ ಉಳಿದಿದಾರೆ ಅಂತ ನಾನು ಹತ್ತಿದೆ. ಎಲ್ಲ ಖಾಲಿ... ಕಿಟಕಿ ಪಕ್ಕದ ಒಂದೇ ಒಂದು ಸೀಟು ಬಿಟ್ಟು. ಹರೆಯದ ಹುಡುಗ, ಬೆಲ್ಟು ಬಿಗಿದು, ಕೈ ತೊಡೆ ಮೇಲಿಟ್ಟು ಕೂತಿದ್ದ. 'ಏಳೋ, ಸಾಯ್ತೀಯಾ!' ಅಂತ ಗದರಿದೆ. ಮೆಲ್ಲಗೆ ನನ್ನ ಕಡೆ ತಿರುಗಿ, 'ಅಮ್ಮ ಇನ್ನೂ ಹೇಳಿಲ್ಲ' ಅಂದ. ರಟ್ಟೆ ಹಿಡಿದು ಎಳೆದೆ... ಕೈಗೆ ಬಂದದ್ದು ಬರೀ ಬೆಲ್ಟು. ಆಮೇಲೆ ಹೇಗೆ ಇಳಿದೆನೋ, ಆ ದೇವರಿಗೇ ಗೊತ್ತು."

"ಆಕೆ ಮತ್ತೆ ಹೋಗಿ ಕರೀಬಹುದಿತ್ತಲ್ಲ ಮಾವಾ?" ಅಂದಳು ಲಿಂದೇನಿ.

"ಬಿಡಬೇಕಲ್ಲೇ! ಹೊಸ ಕೊಂಬೆ ಹಿಡ್ಕೊಂಡು ಗೇಟಿಗೆ ಬಂದ್ಲು, ಕಾವಲಿನವರು ಹುಚ್ಚಿ ಅಂತ ಅಟ್ಟಿದ್ರು. ನಾನೂ ಮೇಲಿನವರ ಕಾಲು ಹಿಡಿದೆ. ಅಷ್ಟರಲ್ಲಿ ಅದನ್ನ ರಿಪೇರಿ ಮಾಡಿ, ಬೇರೆ ಬಣ್ಣ ಬಳಿದು, ಇನ್ಯಾರಿಗೋ ಮಾರಿಬಿಟ್ಟಿದ್ರು. ಆ ತಾಯಿ, ವಿಮಾನದ ಸದ್ದು ಕೇಳಿದಾಗೆಲ್ಲ ಅಂಗಳಕ್ಕೆ ಓಡಿ, 'ಏಳಪ್ಪಾ, ಇಳಿಯಪ್ಪಾ' ಅಂತ ಕೂಗಿ ಕೂಗಿಯೇ ಸತ್ಲು."

ತಾತ ಸೊಸೆಯ ಕಡೆ ತಿರುಗಿದ.

"ಅಲ್ಲವ್ವಾ, ವಿಮಾನ ಇಳಿಯುವಾಗ ನೀನು ಏನಾದರೂ ಅಂದ್ಯಾ?"

"ಮಗು ಮಲಗಿತ್ತು ಮಾವಾ. 'ಏಳು ಕಂದಾ, ಊರು ಬಂತು, ಮನೆಗೆ ಹೋಗೋಣ' ಅಂದೆ... ಅಷ್ಟೇ."

ತಾತ ಒಂದು ಬಟ್ಟಲಿಗೆ ಬಿಯರು ಬಗ್ಗಿಸಿ, ಬಾಗಿಲ ಪಕ್ಕದಲ್ಲಿ ಯಾರೂ ಕೂರದೆ ಬಿಟ್ಟಿದ್ದ ಚಾಪೆಯ ಮುಂದೆ ಇಟ್ಟುಬಂದ.

"ಹಾಗಾದ್ರೆ ಸರಿ," ಅಂದ ತಗ್ಗಿದ ದನಿಯಲ್ಲಿ. "ನೀನು ಬಂದದ್ದು ಅದೇ ವಿಮಾನ ಇರಬೇಕು. ಆ ಹುಡುಗ ನಿನ್ನ ಹಿಂದೇನೇ ಬಂದು ಇಲ್ಲಿ ಕೂತ. ಆಗಿಂದ ನಮ್ಮ ಹೆಂಗಸರ ಮುಖ ಒಂದೊಂದಾಗಿ ನೋಡ್ತಿದಾನೆ... ಅಮ್ಮನನ್ನ ಹುಡುಕ್ತಿದಾನೆ ಕಣ್ರೇ. ಆಕೆ ಸತ್ತುಹೋದ್ಲು ಅಂತ ಅವನಿಗೆ ಯಾರು ಹೇಳ್ತೀರಿ?"