ಯುರೋಪಿಗೆ ಮಾಡಿದ ಫೋನು

ಹೊಳೆವ್ವ ಬೇಕಂತ ಕೇಳಿಸಿಕೊಂಡದ್ದಲ್ಲ. ದಾಂಡೇಲಿ ಬಸ್‌ಸ್ಟ್ಯಾಂಡಿನ ಬೆಂಚೇ ಅಷ್ಟು ಚಿಕ್ಕದು. ಅವಳು ಕಾಯುತ್ತಿದ್ದ ಸಾಂಬ್ರಾಣಿ ಊರಿನ ಬಸ್ಸು ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ಅಪ್ಪ, ಮಗಳು ಕೂತಿದ್ದರು.

"ಯಂತ್ರ ಯುರೋಪಿನಾಗ, ಅದನ್ನ ಕಾಯಾಕಿ ಮುಂಬೈದಾಗ. ಇದೆಂಥಾ ಪಾಳಿ, ನೀಲಾ?"

"ಕಂಪ್ಯೂಟರಿನಾಗ ಎಲ್ಲಾ ಕಾಣ್ತೈತಿ, ಅಪ್ಪಾ. ಅವರು ನೆಲದಡಿ ಅಣುವಿಗಿಂತ ಸಣ್ಣ ಕಣ ಓಡಿಸ್ತಾರ. ಯಂತ್ರದ ಕಾವು ಏರಿತೇನು ಅಂತ ನಾ ನೋಡ್ತೇನಿ."

"ಮತ್ತ ಮಾರಿ ಯಾಕ ಸಣ್ಣದು ಮಾಡೀದಿ?"

"ಮೊನ್ನೆ ಕಾವು ಏರಾಕತ್ತೈತಿ ಅನಿಸ್ತು. ಅಲ್ಲಿಗೆ ಫೋನ್ ಮಾಡಿ, ಉಣ್ಣಾಕ ಕುಂತವರನ್ನ ಎಬ್ಬಿಸಿದೆ. ನೋಡಿದ್ರ ಏನೂ ಆಗಿರಲಿಲ್ಲ."

"ಬೈದ್ರೇನು?"

"ಇಲ್ಲ. ಆದ್ರ ನನಗ ನಾಚಿಕಿ. ಸೋಮವಾರದ ಪಾಳಿ ಬಿಟ್ಟುಬಿಡ್ತೇನಿ."

"ನಾ ಅಂಬಿಕಾನಗರದ ಪವರ್‌ಹೌಸಿನಾಗ ಮೂವತ್ತು ವರ್ಷ ಮೀಟರಿನ ಮುಳ್ಳು ನೋಡ್ಕೋತ ಕುಂತಾಂವ. ಒಮ್ಮೆ ನಮ್ಮ ಸಾಹೇಬರನ್ನ ಮದುವಿ ಊಟದಿಂದ ಎಬ್ಬಿಸಿ ಕರಿಸಿದೆ. ಅಲ್ಲೂ ಏನೂ ಇರಲಿಲ್ಲ. ಬಾಯಿಗೆ ಬಂದಂಗ ಬೈದ್ರು."

"ಆಮ್ಯಾಲೆ?"

"ಆಮ್ಯಾಲೆ ಅವರು ಊರಿಗೆ ಹೋಗೂದಿದ್ರ, ನನ್ನ ಪಾಳಿ ಯಾವಾಗೈತಿ ನೋಡೇ ರಜಾ ಹಾಕ್ತಿದ್ರು."

ಹುಬ್ಬಳ್ಳಿ ಬಸ್ಸು ಬಂತು. ಮಗಳು ಹತ್ತಿ ಕೂತಳು. ಅಪ್ಪ ರೊಟ್ಟಿಯ ಗಂಟನ್ನು ಕಿಟಕಿಯಿಂದ ಕೊಟ್ಟ.

"ಸೋಮವಾರ ಪಾಳಿ ಮುಗದ ಮ್ಯಾಲೆ ಫೋನ್ ಮಾಡ್ತೇನಿ, ಅಪ್ಪಾ."

"ಮಾಡು. ಏನೂ ಆಗಿಲ್ಲ ಅಂದ್ರೂ ಮಾಡು."