ನಟ್ಟಿನ ಮೇಲಿನ ಕೆಂಪು ಗೆರೆ

ಕಾರು ರಿಪೇರಿಗೆ ಬಿಟ್ಟು ಗ್ಯಾರೇಜಿನ ಬೆಂಚಿನ ಮೇಲೆ ಕುಳಿತಿದ್ದ ಅಜ್ಜಿಗೆ, ರೇಸ್ ಕಾರೊಂದರ ಬಳಿ ಅಣ್ಣ ತಂಗಿಯರ ಮಾತು ಕೇಳಿಸಿತು.

“ನೋಡೇ, ಪೆಟ್ರೋಲಿಗೆ ದಪ್ಪ ಪೈಪು ಹಾಕಿದೀನಿ. ನಾಳೆ ರೇಸಲ್ಲಿ ನಿನ್ನ ಇಂಜಿನ್ ಬಾಯಾರಿ ನಿಲ್ಲಲ್ಲ.”

“ಪೈಪು ಮುಂದಿನ ವಾರ ಬರುತ್ತೆ ಅಂತ ಅಂಗಡಿಯವ್ನು ಅಂದಿದ್ನಲ್ಲೋ ಅಣ್ಣಾ?”

“ಬೇಗ ಬಂತು. ತಲೆ ತಿನ್ಬೇಡ.”

“ಈ ಪೈಪಿನ ನಟ್ಟಿನ ಮೇಲೆ ನನ್ನ ನೇಲ್ ಪಾಲಿಶ್ ಇದೆ! ಬಿಗಿಯಾಗಿದೆ ಅಂತ ನಿನ್ನ ಕಾರಿಗೆ ನಾನೇ ಹಾಕಿದ ಗುರುತು ಇದು.”

ಅಣ್ಣ ಕೈ ಒರೆಸಿಕೊಂಡ.

“ನಿನ್ನ ಕಾರಿಂದ ಬಿಚ್ಚಿ ಹಾಕಿದ್ಯಾ? ಹಾಗಾದ್ರೆ ನಾಳೆ ರೇಸಿಗೆ ನೀನು?”

“ಹೋದ ಸಲ ನಿನ್ನ ಹಿಂದೆ ಧೂಳು ತಿಂದಿದ್ದು ಸಾಕು. ನಾಳೆ ನೆರಳಲ್ಲಿ ಕೂತು ಚಪ್ಪಾಳೆ ಹೊಡೀತೀನಿ.”

“ಸುಳ್ಳಬುರುಕ! ನಾನು ಗೆದ್ರೆ ಕಪ್ ನೀನೇ ಹೊರ್ಬೇಕು.”

“ಮೊದ್ಲು ನೇಲ್ ಪಾಲಿಶ್ ಬಾಟ್ಲಿ ತೆಗಿ. ಹೊಸದಾಗಿ ಬಿಗಿದಿದೀನಿ, ಗುರುತು ಹಾಕು.”

ತಂಗಿ ಮೂಗೆಳೆದುಕೊಳ್ಳುತ್ತ ಕೆಂಪು ಗೆರೆ ಎಳೆದಳು. ಇಬ್ಬರೂ ಕಾರು ಹತ್ತಿ ಹೊರಟರು.